ಪುರುಷರ ತಂಡದಿಂದ ಮಹಿಳೆಯರ ತಂಡಕ್ಕೆ: ಹ್ಯಾನಾ ಮೌನ್ಸಿ ಅವರ ಆಟ ಮತ್ತು ಅರ್ಹತೆಯ ಪ್ರಶ್ನೆ

ಪ್ರಶ್ನೆ: ನಾನು ಬಾಲಕಿಯರ ಹ್ಯಾಂಡ್‌ಬಾಲ್ ತಂಡವೊಂದಕ್ಕೆ ತರಬೇತಿ ನೀಡುತ್ತೇನೆ. ಆಸ್ಟ್ರೇಲಿಯಾದ ಟ್ರಾನ್ಸ್ ಮಹಿಳೆ (ಹುಟ್ಟಿದಾಗ ಗಂಡೆಂದು ಗುರುತಿಸಲ್ಪಟ್ಟು, ನಂತರ ಮಹಿಳೆಯಾಗಿ ಬದುಕುತ್ತಿರುವವರು) ಹ್ಯಾನಾ ಮೌನ್ಸಿ ಮೊದಲು ಆ ದೇಶದ ಪುರುಷರ ತಂಡದಲ್ಲಿ ಆಡಿ, ಕೆಲವು ವರ್ಷಗಳ ನಂತರ ಮಹಿಳೆಯರ ತಂಡದಲ್ಲಿ ಆಡಿದರು ಎಂಬ ಸುದ್ದಿ ನಮ್ಮ ಹುಡುಗಿಯರ ನಡುವೆ ದೊಡ್ಡ ವಾದವನ್ನೇ ಎಬ್ಬಿಸಿದೆ. ಇದು ಮೋಸ ಎಂದು ಕೆಲವರು, ಅವರಿಗೆ ಅನ್ಯಾಯವಾಯಿತು ಎಂದು ಇನ್ನು ಕೆಲವರು ಹೇಳುತ್ತಾರೆ. ಅವರು ಆಡಲು ನಿಯಮದಲ್ಲಿ ಅವಕಾಶವಿತ್ತೇ? ಇದ್ದರೆ 2019ರ ವಿಶ್ವ ಚಾಂಪಿಯನ್‌ಷಿಪ್‌ಗೆ ಏಕೆ ಆಯ್ಕೆಯಾಗಲಿಲ್ಲ? ಹಾರ್ಮೋನು ಚಿಕಿತ್ಸೆಯಿಂದ ದೇಹದ ಬಲ ನಿಜವಾಗಿಯೂ ಕಡಿಮೆಯಾಗುತ್ತದೆಯೇ? ನಾನು ಹುಡುಗಿಯರಿಗೆ ಏನು ಹೇಳಲಿ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ನೇರವಾಗಿದೆ. ಅವಕಾಶವಿತ್ತು. ಹ್ಯಾನಾ ಮೌನ್ಸಿ ಯಾವ ನಿಯಮವನ್ನೂ ಮುರಿಯಲಿಲ್ಲ, ಯಾರಿಂದಲೂ ಏನನ್ನೂ ಮುಚ್ಚಿಡಲಿಲ್ಲ. ಆದ್ದರಿಂದ ‘ಮೋಸ’ ಎಂಬ ಮಾತನ್ನು ನಿಮ್ಮ ಹುಡುಗಿಯರ ಚರ್ಚೆಯಿಂದ ಮೊದಲೇ ಹೊರಗಿಡಿ. ಆ ಮಾತು ಇರುವವರೆಗೂ ಚರ್ಚೆ ಒಬ್ಬ ವ್ಯಕ್ತಿಯ ಗುಣವನ್ನು ಅಳೆಯುವುದರಲ್ಲೇ ಕಳೆದುಹೋಗುತ್ತದೆ. ಉಳಿದ ಪ್ರಶ್ನೆಗಳು ಕಷ್ಟದವು, ನಿಧಾನವಾಗಿ ನೋಡಬೇಕು. ನಾನು ಕ್ರೀಡಾ ವೈದ್ಯನಾಗಿ ಉತ್ತರಿಸುತ್ತಿದ್ದೇನೆ. ಆದರೆ ಈ ವಿಷಯದಲ್ಲಿ ವೈದ್ಯಶಾಸ್ತ್ರ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ ಎಂಬುದನ್ನೂ ಮುಂದೆ ಹೇಳುತ್ತೇನೆ.

ಅವರ ಆಟದ ಹಾದಿಯಿಂದ ಆರಂಭಿಸೋಣ, ಏಕೆಂದರೆ ಸುದ್ದಿಗಳಲ್ಲಿ ಅದು ತುಂಡು ತುಂಡಾಗಿ ಬಂದಿದೆ. ಮೌನ್ಸಿ 2013ರ ಜನವರಿಯಲ್ಲಿ ಸ್ಪೇನ್‌ನಲ್ಲಿ ನಡೆದ ಪುರುಷರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಸ್ಟ್ರೇಲಿಯಾ ತಂಡದಲ್ಲಿದ್ದರು. ಪುರುಷರ ರಾಷ್ಟ್ರೀಯ ತಂಡದ ಪರವಾಗಿ ಒಟ್ಟು ಇಪ್ಪತ್ತಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿದರು. ಆಸ್ಟ್ರೇಲಿಯಾದಲ್ಲಿ ಹ್ಯಾಂಡ್‌ಬಾಲ್ ಬಹಳ ಚಿಕ್ಕ ಆಟ. ಕ್ರಿಕೆಟ್, ರಗ್ಬಿ, ಆಸ್ಟ್ರೇಲಿಯನ್ ಫುಟ್‌ಬಾಲ್‌ಗಳ ನಡುವೆ ಅದಕ್ಕೆ ಹಣವೂ ಇಲ್ಲ, ಪ್ರೇಕ್ಷಕರೂ ಇಲ್ಲ. ಅಲ್ಲಿನ ಆಟಗಾರರು ಬೇರೆ ಉದ್ಯೋಗ ಮಾಡಿಕೊಂಡು ಆಟದ ಮೇಲಿನ ಪ್ರೀತಿಯಿಂದ ಆಡುವವರು. ಹೀಗಾಗಿ, ಹೆಸರು ಹಣಕ್ಕಾಗಿ ತಂಡ ಬದಲಿಸಿದರು ಎಂಬ ಊಹೆಗೆ ಈ ಕತೆಯಲ್ಲಿ ಆಧಾರವೇ ಇಲ್ಲ. ಅವರು ತಮ್ಮ ಲಿಂಗತ್ವ ಪರಿವರ್ತನೆಯನ್ನು ಆರಂಭಿಸಿದ್ದು 2015ರ ಹೊತ್ತಿಗೆ. ಅವರ ಹಳೆಯ ಹೆಸರು ಅಂತರಜಾಲದಲ್ಲಿ ಸಿಗುತ್ತದೆ, ಆದರೆ ಇಲ್ಲಿ ಅದರ ಅಗತ್ಯವಿಲ್ಲ. ನಿಮ್ಮ ಹುಡುಗಿಯರೂ ಅದನ್ನು ಬಳಸದಂತೆ ನೋಡಿಕೊಂಡರೆ ಒಳ್ಳೆಯದು.

ಮಹಿಳೆಯರ ರಾಷ್ಟ್ರೀಯ ತಂಡದಲ್ಲಿ ಅವರು ಕಾಣಿಸಿಕೊಂಡಿದ್ದು 2018ರ ಕೊನೆಯಲ್ಲಿ, ಜಪಾನಿನ ಕುಮಾಮೊಟೊದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ. ಆಸ್ಟ್ರೇಲಿಯಾ ಅಲ್ಲಿ ಐದನೆಯ ಸ್ಥಾನ ಪಡೆಯಿತು. ಆ ಸ್ಥಾನವೇ ತಂಡವನ್ನು ಮರುವರ್ಷದ ವಿಶ್ವ ಚಾಂಪಿಯನ್‌ಷಿಪ್‌ಗೆ ಕರೆದೊಯ್ದಿತು. ಆ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೂ ಅದೇ ಕುಮಾಮೊಟೊದಲ್ಲಿ, 2019ರ ನವೆಂಬರ್ 30ರಿಂದ. ತಂಡವನ್ನು ಅಲ್ಲಿಗೆ ತಲುಪಿಸಿದವರಲ್ಲಿ ಮೌನ್ಸಿ ಒಬ್ಬರಾಗಿದ್ದರು. ಆಡಲು ಹೋದ ತಂಡದ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿರಲಿಲ್ಲ.

2018 ಮತ್ತು 2019ರ ಈ ಘಟನೆಗಳಿಗೂ ಮುಂಚಿನ ಇನ್ನೊಂದು ಪ್ರಕರಣವಿದೆ. ಅದು ಹ್ಯಾಂಡ್‌ಬಾಲ್‌ನದಲ್ಲ, ಚೆಂಡನ್ನು ಕೈಯಲ್ಲೂ ಹಿಡಿದು ಆಡುವ, ಮೈಗೆ ಮೈ ತಾಗುವ ಆಸ್ಟ್ರೇಲಿಯನ್ ಫುಟ್‌ಬಾಲ್‌ನದು. ಅವರ ಹೆಸರು ಜಗತ್ತಿಗೆ ತಿಳಿದದ್ದು ಅದರಿಂದಲೇ. ಅದನ್ನು ಬಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲವಾದ್ದರಿಂದ ಮುಂದೆ ಅದಕ್ಕೆ ಬರುತ್ತೇನೆ. ಮೊದಲು ನಿಯಮ.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಟ್ರಾನ್ಸ್ ಕ್ರೀಡಾಪಟುಗಳ ಬಗ್ಗೆ ಮೊದಲ ಬಾರಿಗೆ ಸ್ಪಷ್ಟ ಸೂಚನೆ ಕೊಟ್ಟಿದ್ದು 2003ರಲ್ಲಿ. ಆಗ ಶಸ್ತ್ರಚಿಕಿತ್ಸೆ ಕಡ್ಡಾಯವಾಗಿತ್ತು. ಅದರ ನಂತರ ಎರಡು ವರ್ಷ ಕಾಯಬೇಕಿತ್ತು. 2015ರಲ್ಲಿ ಶಸ್ತ್ರಚಿಕಿತ್ಸೆಯ ಷರತ್ತನ್ನು ಕೈಬಿಟ್ಟು, ರಕ್ತದಲ್ಲಿನ ಟೆಸ್ಟೋಸ್ಟಿರೋನ್ (ಪುರುಷರಲ್ಲಿ ಹೆಚ್ಚಾಗಿರುವ ಹಾರ್ಮೋನು) ಪ್ರಮಾಣವನ್ನು ಅಳತೆಗೋಲನ್ನಾಗಿ ಮಾಡಿಕೊಂಡರು. ಮಹಿಳಾ ವಿಭಾಗದಲ್ಲಿ ಮೊದಲ ಸ್ಪರ್ಧೆಗೆ ಮುಂಚಿನ ಕನಿಷ್ಠ 12 ತಿಂಗಳು ಆ ಪ್ರಮಾಣ ಲೀಟರಿಗೆ 10 ನ್ಯಾನೋಮೋಲ್‌ಗಿಂತ ಕಡಿಮೆಯಿರಬೇಕು, ಆಡುತ್ತಿರುವಷ್ಟು ಕಾಲವೂ ಹಾಗೆಯೇ ಇರಬೇಕು. ಪರಿವರ್ತನೆ ಆರಂಭವಾಗಿ ವರ್ಷಗಳೇ ಕಳೆದಿದ್ದ ಮೌನ್ಸಿ 2018ರಲ್ಲಿ ಈ ಮಿತಿಯೊಳಗೆ ಇದ್ದರು.

ಆ ಹತ್ತು ಎಂಬ ಅಂಕಿಯ ಬಗ್ಗೆ ಒಂದು ಮಾತು. ಇಂದಿನ ನಿಖರ ವಿಧಾನದಲ್ಲಿ ಅಳೆದಾಗ ಆರೋಗ್ಯವಂತ ಪುರುಷರಲ್ಲಿ ಟೆಸ್ಟೋಸ್ಟಿರೋನ್ ಸುಮಾರು 7.7ರಿಂದ 29.4 ನ್ಯಾನೋಮೋಲ್, ಮಹಿಳೆಯರಲ್ಲಿ ಸುಮಾರು 0.06ರಿಂದ 1.68 ನ್ಯಾನೋಮೋಲ್ ಇರುತ್ತದೆ. ಅಂದರೆ ಹತ್ತರ ಮಿತಿ ಮಹಿಳೆಯರ ಸಹಜ ಮೇಲ್ಮಟ್ಟಕ್ಕಿಂತ ಹಲವು ಪಟ್ಟು ಹೆಚ್ಚು. ಕೆಲವು ಪುರುಷರು ಯಾವ ಔಷಧಿಯೂ ಇಲ್ಲದೆ ಆ ಮಿತಿಯ ಕೆಳಗೆ ಬರಬಲ್ಲರು. ಆ ಅಂಕಿ ಸಡಿಲವಾಗಿತ್ತು ಎಂಬ ಟೀಕೆಯನ್ನು ನಾನು ಒಪ್ಪುತ್ತೇನೆ. ಆದರೆ ಅದನ್ನು ನಿಗದಿ ಮಾಡಿದ್ದು ಮೌನ್ಸಿ ಅಲ್ಲ. ಅಲ್ಲದೆ, ಸರಿಯಾದ ಚಿಕಿತ್ಸೆಯಲ್ಲಿರುವ ಹೆಚ್ಚಿನ ಟ್ರಾನ್ಸ್ ಮಹಿಳೆಯರ ಪ್ರಮಾಣ ಹತ್ತರ ಹತ್ತಿರ ನಿಲ್ಲುವುದಿಲ್ಲ, ಮಹಿಳೆಯರ ಸಹಜ ಮಟ್ಟಕ್ಕೇ ಇಳಿಯುತ್ತದೆ. ಆದ್ದರಿಂದ ಈಗ ರಕ್ತದಲ್ಲಿ ಎಷ್ಟಿದೆ ಎಂಬುದಕ್ಕಿಂತ, ಹರೆಯದಲ್ಲಿ ಅದು ದೇಹವನ್ನು ಹೇಗೆ ಕಟ್ಟಿಹೋಗಿದೆ ಎಂಬುದೇ ಮುಖ್ಯವಾದ ಪ್ರಶ್ನೆ.

ನಿಮ್ಮ ಮೂರನೆಯ ಪ್ರಶ್ನೆ ಇದೇ. ಹಾರ್ಮೋನು ಚಿಕಿತ್ಸೆ ಬಲವನ್ನು ಕುಗ್ಗಿಸುತ್ತದೆಯೇ? ಕುಗ್ಗಿಸುತ್ತದೆ, ಆದರೆ ದೇಹದ ಎಲ್ಲ ಭಾಗಗಳಲ್ಲಿ ಒಂದೇ ವೇಗದಲ್ಲಿ ಅಲ್ಲ, ಒಂದೇ ಪ್ರಮಾಣದಲ್ಲೂ ಅಲ್ಲ. ಎಲ್ಲಕ್ಕಿಂತ ಬೇಗ ಬದಲಾಗುವುದು ರಕ್ತ. ಟೆಸ್ಟೋಸ್ಟಿರೋನ್ ಇಳಿದ ಮೂರು ನಾಲ್ಕು ತಿಂಗಳಲ್ಲಿ, ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಮಹಿಳೆಯರ ಮಟ್ಟಕ್ಕೆ ಬರುತ್ತದೆ. ದೀರ್ಘಕಾಲ ಓಡುವ ಶಕ್ತಿಯಲ್ಲಿ ಇದು ದೊಡ್ಡ ನಷ್ಟ. ಚಿಕಿತ್ಸೆಯಲ್ಲಿರುವವರು ತಮ್ಮ ಉಸಿರೇ ಸಾಲದು ಎನ್ನುವುದು ಅತಿಶಯೋಕ್ತಿಯಲ್ಲ. ಸ್ನಾಯುಗಳು ಮಾತ್ರ ಹಟಮಾರಿಗಳು. ಒಂದು ವರ್ಷದ ಚಿಕಿತ್ಸೆಯ ನಂತರ ಸ್ನಾಯುವಿನ ಗಾತ್ರದಲ್ಲಿ ಸರಾಸರಿ ಶೇಕಡ ಐದರಷ್ಟು ಇಳಿಕೆ ಕಾಣುತ್ತದೆ, ಬಲದಲ್ಲಿ ಇಳಿಕೆ ಅದಕ್ಕಿಂತಲೂ ನಿಧಾನ. ಮೂರು ವರ್ಷಗಳ ನಂತರವೂ ಬಲ ಹೋಲಿಕೆಯ ಮಹಿಳೆಯರಿಗಿಂತ ಮೇಲೆಯೇ ಉಳಿದಿರುವುದನ್ನು ಅಧ್ಯಯನಗಳ ಸಮೀಕ್ಷೆಯೊಂದು 2021ರಲ್ಲಿ ತೋರಿಸಿತು. ಆ ಸಮೀಕ್ಷೆಯ ಮುಖ್ಯ ಲೇಖಕಿ ಜೊವಾನ್ನಾ ಹಾರ್ಪರ್ ಸ್ವತಃ ದೂರ ಓಟಗಾರ್ತಿ ಮತ್ತು ಟ್ರಾನ್ಸ್ ಮಹಿಳೆ. ತಮಗೆ ಅನುಕೂಲವಲ್ಲದ ಅಂಕಿಯನ್ನೂ ಅವರು ಮರೆಮಾಚದೆ ಪ್ರಕಟಿಸಿದರು. ಇಷ್ಟು ಕಾವೇರಿದ ಕ್ಷೇತ್ರದಲ್ಲಿ ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಅಮೆರಿಕದ ವಾಯುಪಡೆಯ ಸಿಬ್ಬಂದಿಯ ದೈಹಿಕ ಪರೀಕ್ಷೆಗಳ ದಾಖಲೆಯನ್ನು ಆಧರಿಸಿದ ಇನ್ನೊಂದು ಅಧ್ಯಯನವಿದೆ. ಟ್ರಾನ್ಸ್ ಮಹಿಳೆಯರು ಚಿಕಿತ್ಸೆಗೆ ಮುಂಚೆ ದಂಡ ಹೊಡೆಯುವುದರಲ್ಲಿಯೂ ಹೊಟ್ಟೆಯ ವ್ಯಾಯಾಮದಲ್ಲಿಯೂ ಇತರ ಮಹಿಳೆಯರಿಗಿಂತ ಬಹಳ ಮುಂದಿದ್ದರು. ಎರಡು ವರ್ಷಗಳ ನಂತರ ಆ ಅಂತರ ಅಳಿಸಿಹೋಯಿತು. ಓಟದಲ್ಲಿ ಮಾತ್ರ ಅವರು ಇನ್ನೂ ಶೇಕಡ 12ರಷ್ಟು ವೇಗವಾಗಿದ್ದರು. ಶ್ರೇಷ್ಠ ಮಟ್ಟದ ಓಟದಲ್ಲಿ ಪುರುಷ ಮಹಿಳೆಯರ ನಡುವಿನ ಅಂತರ ಶೇಕಡ 10ರಿಂದ 12 ಎಂಬುದನ್ನು ನೆನಪಿಟ್ಟುಕೊಂಡರೆ ಈ ಅಂಕಿಯ ತೂಕ ತಿಳಿಯುತ್ತದೆ. ಹಾಗೆಂದು ಅವಸರದ ತೀರ್ಮಾನ ಬೇಡ. ಇಂಥ ಅಧ್ಯಯನಗಳಲ್ಲಿ ಭಾಗವಹಿಸಿದವರು ಬಹುತೇಕ ಸಾಮಾನ್ಯ ಜನರು, ಉನ್ನತ ತರಬೇತಿಯ ಕ್ರೀಡಾಪಟುಗಳಲ್ಲ. ಹ್ಯಾಂಡ್‌ಬಾಲ್ ಆಡುವ ಟ್ರಾನ್ಸ್ ಮಹಿಳೆಯರ ಮೇಲೆಯೇ ನಡೆದ ದೊಡ್ಡ ಅಧ್ಯಯನವನ್ನು ನಾನು ಕಂಡಿಲ್ಲ. ಅಷ್ಟು ಜನ ಆಟಗಾರ್ತಿಯರೇ ಇಲ್ಲದಿರುವಾಗ ಅಂಥದ್ದು ಬೇಗ ಬರುವುದೂ ಕಷ್ಟ.

ಏನು ಮಾಡಿದರೂ ಬದಲಾಗದ್ದು ಅಸ್ಥಿಪಂಜರ. ಎತ್ತರ, ತೋಳಿನ ಉದ್ದ, ಅಂಗೈಯ ಅಗಲ, ಭುಜದ ಹರವು ಇವೆಲ್ಲ ಹರೆಯದಲ್ಲಿ ನಿಂತುಹೋದ ಮೇಲೆ ಯಾವ ಮಾತ್ರೆಯೂ ಅವನ್ನು ಕುಗ್ಗಿಸದು. ಹಾರ್ಪರ್ ಅವರಂಥವರು ಇದರ ಇನ್ನೊಂದು ಮುಖವನ್ನೂ ತೋರಿಸುತ್ತಾರೆ: ದೊಡ್ಡ ಚೌಕಟ್ಟು ಉಳಿದು, ಅದನ್ನು ಎಳೆಯುವ ಸ್ನಾಯು ಮತ್ತು ರಕ್ತ ಕುಗ್ಗಿದರೆ ಚುರುಕುತನ ಹೋಗುತ್ತದೆ. ದೊಡ್ಡ ಲಾರಿಗೆ ಚಿಕ್ಕ ಎಂಜಿನ್ ಕೂರಿಸಿದ ಹಾಗೆ. ವೇಗವಾಗಿ ದಿಕ್ಕು ಬದಲಿಸಬೇಕಾದ ಕಡೆ ಇದು ನಿಜವಾದ ಅನನುಕೂಲ. ಎದುರಾಳಿಗೆ ಅಡ್ಡ ನಿಲ್ಲುವಲ್ಲಿ ಮಾತ್ರ ಆ ಲಾರಿ ಲಾರಿಯೇ.

ಇದನ್ನು ನಮ್ಮ ಆಟಕ್ಕೆ ಇಳಿಸಿ ನೋಡೋಣ. ನೀವು ತರಬೇತುದಾರರು, ನಿಮಗೆ ಅಂಕಣ ಗೊತ್ತು. 40 ಮೀಟರ್ ಉದ್ದ, 20 ಮೀಟರ್ ಅಗಲ, ಅರ್ಧ ಗಂಟೆಯ ಎರಡು ಅವಧಿ, ಕಡೆಗೆ ಏಳು ಜನ. ಬದಲಿ ಆಟಗಾರ್ತಿಯರು ಎಷ್ಟು ಬಾರಿ ಬೇಕಾದರೂ ಒಳಗೆ ಹೊರಗೆ ಓಡಾಡಬಹುದು. ಈ ಕೊನೆಯ ನಿಯಮವನ್ನು ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ, ಆದರೆ ಅದು ಮುಖ್ಯ. ರಕ್ತದ ಬದಲಾವಣೆಯಿಂದ ಕಳೆದುಹೋದ ಓಟದ ತ್ರಾಣವನ್ನು ಈ ಆಟದಲ್ಲಿ ಬದಲಿಯ ಮೂಲಕ ಸರಿದೂಗಿಸಬಹುದು. ರಕ್ಷಣೆಗೆ ಮಾತ್ರ ಅಥವಾ ದಾಳಿಗೆ ಮಾತ್ರ ಒಬ್ಬರನ್ನು ಇಳಿಸಿ, ಚೆಂಡು ಕೈ ಬದಲಾದ ಕೂಡಲೇ ಹೊರಗೆ ಕರೆಸಿಕೊಳ್ಳುವುದು ದೊಡ್ಡ ತಂಡಗಳ ನಿತ್ಯದ ರೂಢಿ. ಆಗ ಉಳಿದುಕೊಂಡ ಬಲ ಮತ್ತು ಗಾತ್ರದ ಲಾಭ ಸಿಗುತ್ತದೆ, ಕಳೆದುಕೊಂಡ ತ್ರಾಣದ ನಷ್ಟ ಅಷ್ಟಾಗಿ ತಟ್ಟುವುದಿಲ್ಲ.

ಚೆಂಡನ್ನು ನೋಡಿ. ಮಹಿಳೆಯರದು ಎರಡನೆಯ ಅಳತೆ: ಸುತ್ತಳತೆ 54ರಿಂದ 56 ಸೆಂಟಿಮೀಟರ್, ತೂಕ 325ರಿಂದ 375 ಗ್ರಾಂ. ಪುರುಷರದು ಮೂರನೆಯದು: 58ರಿಂದ 60 ಸೆಂಟಿಮೀಟರ್, 425ರಿಂದ 475 ಗ್ರಾಂ. ಚೆಂಡಿನ ಅಳತೆ ಬೇರೆ ಮಾಡಿರುವುದೇ ಕೈಯ ಅಳತೆ ಬೇರೆ ಇರುವುದರಿಂದ. ದೊಡ್ಡ ಅಂಗೈಯವರಿಗೆ ಚಿಕ್ಕ ಚೆಂಡು ಸಿಕ್ಕರೆ ಹಿಡಿತ ಬಿಗಿಯಾಗುತ್ತದೆ, ಕೊನೆಯ ಕ್ಷಣದಲ್ಲಿ ಎಸೆತವನ್ನು ತಡೆದು ದಿಕ್ಕು ಬದಲಿಸುವುದು ಸುಲಭವಾಗುತ್ತದೆ. ಒಂಬತ್ತು ಮೀಟರ್ ಗೆರೆಯಾಚೆಯಿಂದ ನೆಗೆದು ಎಸೆಯುವಾಗ ಎತ್ತರವೂ ತೋಳಿನ ಉದ್ದವೂ ಕೂಡಿಕೊಳ್ಳುತ್ತವೆ. ಆರು ಮೀಟರ್ ಗೆರೆಯ ಮೇಲೆ ಪಿವಟ್ ಆಟಗಾರ್ತಿ (ಎದುರಾಳಿಯ ರಕ್ಷಣಾ ಸಾಲಿನ ನಡುವೆ ಆಡುವವರು) ಬೆನ್ನುಕೊಟ್ಟು ನಿಂತು ಜಾಗ ಮಾಡಿಕೊಳ್ಳುವಲ್ಲಿ ದೇಹದ ತೂಕವೇ ಬಂಡವಾಳ. ಮೌನ್ಸಿ ಅವರ ಎತ್ತರ 190 ಸೆಂಟಿಮೀಟರ್, ತೂಕ ಸುಮಾರು 100 ಕಿಲೋ ಎಂದು ಆಗಿನ ಪತ್ರಿಕೆಗಳು ಮತ್ತೆ ಮತ್ತೆ ಬರೆದವು. ಅವರ ಕೌಶಲ, ಅನುಭವ, ಆಟ ಓದುವ ಬುದ್ಧಿ ಇವುಗಳ ಬಗ್ಗೆ ಅದರ ಹತ್ತರಲ್ಲೊಂದು ಪಾಲನ್ನೂ ಬರೆಯಲಿಲ್ಲ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ. ವಿಶ್ವ ಚಾಂಪಿಯನ್‌ಷಿಪ್‌ನಂಥ ಕಡೆ ಆಡಿ ಬಂದವರು ಚೆಂಡಿಲ್ಲದಾಗ ಎಲ್ಲಿ ನಿಲ್ಲಬೇಕೆಂಬುದನ್ನು ಕಲಿತಿರುತ್ತಾರೆ. ಅದು ಹಾರ್ಮೋನಿನಿಂದ ಬಂದದ್ದಲ್ಲ.

ಗಾಯದ ಭಯವನ್ನು ನಿಮ್ಮ ಹುಡುಗಿಯರಲ್ಲಿ ಯಾರಾದರೂ ಎತ್ತಿಯೇ ಇರುತ್ತಾರೆ. ಹ್ಯಾಂಡ್‌ಬಾಲ್‌ನಲ್ಲಿ ಮಹಿಳೆಯರಿಗೆ ಅತ್ಯಂತ ಭೀಕರವಾದ ಗಾಯ ಮೊಣಕಾಲಿನ ಮುಂಭಾಗದ ಅಸ್ಥಿರಜ್ಜು ಹರಿಯುವುದು. ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು. ಆದರೆ ಬಹುಪಾಲು ಪ್ರಕರಣಗಳಲ್ಲಿ ಯಾರೂ ಮೊಣಕಾಲಿಗೆ ಗುದ್ದಿರುವುದಿಲ್ಲ. ಓಡುತ್ತಾ ಬಂದು ಪಾದ ಊರಿ ತಟ್ಟನೆ ದಿಕ್ಕು ತಿರುಗಿಸುವಾಗ, ಇಲ್ಲವೇ ನೆಗೆದು ಒಂದೇ ಕಾಲಿನ ಮೇಲೆ ಇಳಿಯುವಾಗ ಅದು ಹರಿಯುತ್ತದೆ. ಆದ್ದರಿಂದ ‘ದೊಡ್ಡ ಮೈಯವರು ಬಂದರೆ ಮೊಣಕಾಲು ಮುರಿಯುತ್ತದೆ’ ಎಂಬ ನೇರ ಲೆಕ್ಕ ಸರಿಯಲ್ಲ. ಗಾಳಿಯಲ್ಲಿದ್ದವರ ಭುಜಕ್ಕೆ ಭಾರದ ದೇಹವೊಂದು ತಾಕಿದರೆ ಇಳಿಯುವ ಸಮತೋಲನ ತಪ್ಪುತ್ತದೆ ಎಂಬುದೂ ಅಷ್ಟೇ ನಿಜ. ಅಪಾಯವಿದೆ, ಅದು ಎಷ್ಟು ಎಂಬುದನ್ನು ಊಹೆಯಿಂದ ಹೇಳುವಂತಿಲ್ಲ. ನಿಮ್ಮ ತಂಡದ ಮೊಣಕಾಲುಗಳನ್ನು ಕಾಪಾಡಬೇಕೆಂದರೆ ಇಳಿಯುವ ಮತ್ತು ತಿರುಗುವ ತರಬೇತಿಯನ್ನು ಪ್ರತಿ ಅಭ್ಯಾಸದ ಆರಂಭದಲ್ಲಿ ಬಿಡದೆ ಮಾಡಿಸಿ. ಎದುರು ತಂಡದಲ್ಲಿ ಯಾರೇ ಇರಲಿ, ಅದು ಬೇಕು.

ಇನ್ನು ಫುಟ್‌ಬಾಲ್ ಪ್ರಕರಣ. 2017ರಲ್ಲಿ ಮೌನ್ಸಿ ಕ್ಯಾನ್‌ಬೆರಾದ ಸ್ಥಳೀಯ ಮಹಿಳಾ ಲೀಗ್‌ನಲ್ಲಿ ಏನ್ಸ್‌ಲಿ ಕ್ಲಬ್ಬಿನ ಪರವಾಗಿ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡಿದರು. ಅದೇ ವರ್ಷ ಆರಂಭವಾಗಿದ್ದ ರಾಷ್ಟ್ರೀಯ ಮಹಿಳಾ ಲೀಗ್‌ನ ಮುಂದಿನ ಋತುವಿಗಾಗಿ, ಕ್ಲಬ್ಬುಗಳು ಆಟಗಾರ್ತಿಯರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಹೆಸರು ಕೊಟ್ಟರು. ಡ್ರಾಫ್ಟ್ ಇದ್ದದ್ದು ಅಕ್ಟೋಬರ್ 18ಕ್ಕೆ. ಅವರು ಅರ್ಹರಲ್ಲ ಎಂದು ಲೀಗ್ ಪ್ರಕಟಿಸಿದ್ದು 17ಕ್ಕೆ, ಅಂದರೆ ಹಿಂದಿನ ದಿನ. ಅವರು ಹಾರ್ಮೋನಿನ ಮಿತಿಯನ್ನು ಮೀರಿದ್ದರು ಎಂಬುದು ಕಾರಣವಾಗಿರಲಿಲ್ಲ. ಬಲ, ತ್ರಾಣ ಮತ್ತು ಮೈಕಟ್ಟುಗಳನ್ನು ಪರಿಗಣಿಸಿ ತೀರ್ಮಾನಿಸಲಾಗಿದೆ ಎಂದರು.

ಈ ಮೂರು ಪದಗಳು ಬಂದದ್ದು ಕಾನೂನಿನಿಂದ. ಆಸ್ಟ್ರೇಲಿಯಾದ 1984ರ ಲಿಂಗ ತಾರತಮ್ಯ ಕಾಯ್ದೆ, ಅದಕ್ಕೆ 2013ರಲ್ಲಿ ಆದ ತಿದ್ದುಪಡಿಯ ನಂತರ, ಲಿಂಗತ್ವ ಗುರುತಿನ ಆಧಾರದ ತಾರತಮ್ಯವನ್ನೂ ನಿಷೇಧಿಸುತ್ತದೆ. ಆದರೆ ಕ್ರೀಡೆಗೆ ಅದರ 42ನೆಯ ಸೆಕ್ಷನ್‌ನಲ್ಲಿ ಒಂದು ವಿನಾಯಿತಿ ಇದೆ. ಬಲ, ತ್ರಾಣ, ಮೈಕಟ್ಟು ಪ್ರಸ್ತುತವಾಗುವ ಸ್ಪರ್ಧೆಗಳಿಂದ ಒಂದು ಲಿಂಗದವರನ್ನು ಅಥವಾ ಒಂದು ಲಿಂಗತ್ವದವರನ್ನು ಹೊರಗಿಡಬಹುದು. 12 ವರ್ಷದೊಳಗಿನ ಮಕ್ಕಳ ಆಟಕ್ಕೆ ಮಾತ್ರ ಈ ವಿನಾಯಿತಿ ಇಲ್ಲ. ಲೀಗ್ ಪ್ರಧಾನವಾಗಿ ನೆಚ್ಚಿಕೊಂಡದ್ದು ಇದೇ ರೀತಿಯ ವಿಕ್ಟೋರಿಯಾ ರಾಜ್ಯದ ಕಾನೂನನ್ನು. ಕಾನೂನು ಬಾಗಿಲು ತೆರೆದಿಟ್ಟಿತ್ತು ನಿಜ. ಎಷ್ಟು ಬಲ ಅತಿಯಾದ ಬಲ, ಅದನ್ನು ಹೇಗೆ ಅಳೆಯಬೇಕು ಎಂಬುದನ್ನು ಕಾನೂನು ಹೇಳುವುದಿಲ್ಲ, ಲೀಗ್ ಕೂಡ ಆಗ ಬರೆದಿಟ್ಟಿರಲಿಲ್ಲ. ಬರೆದ ನೀತಿ ಬಂದದ್ದು 2018ರ ಆಗಸ್ಟ್‌ನಲ್ಲಿ: ಟೆಸ್ಟೋಸ್ಟಿರೋನ್ ಕನಿಷ್ಠ 24 ತಿಂಗಳು ಲೀಟರಿಗೆ 5 ನ್ಯಾನೋಮೋಲ್‌ಗಿಂತ ಹೆಚ್ಚಿರಬಾರದು, ಜೊತೆಗೆ ಎತ್ತರ, ತೂಕ, ಭಾರ ಎತ್ತುವ ಶಕ್ತಿ, 20 ಮೀಟರ್ ಓಟ, ನೆಗೆತ ಮುಂತಾದವುಗಳ ವಿವರ ಕೊಡಬೇಕು. ಆ ನಡುವೆ ಅವರಿಗೆ ರಾಜ್ಯ ಮಟ್ಟದಲ್ಲಿ ಆಡಲು ಒಪ್ಪಿಗೆ ಸಿಕ್ಕಿ, ವಿಕ್ಟೋರಿಯಾದ ಲೀಗ್‌ನಲ್ಲಿ ಡೇರ್‌ಬಿನ್ ಫಾಲ್ಕನ್ಸ್ ಪರವಾಗಿ ಆಡಿದರು. ಮುಂದಿನ ಡ್ರಾಫ್ಟ್‌ಗೆ ಕೊಟ್ಟಿದ್ದ ಹೆಸರನ್ನು, ಲೀಗ್ ತಮ್ಮನ್ನು ನಡೆಸಿಕೊಂಡ ರೀತಿಯನ್ನು ಬಹಿರಂಗವಾಗಿ ಟೀಕಿಸಿ, ತಾವೇ ಹಿಂತೆಗೆದುಕೊಂಡರು. ಅದಾದ ಕೆಲವೇ ತಿಂಗಳಲ್ಲಿ ಕುಮಾಮೊಟೊದಲ್ಲಿ ಹ್ಯಾಂಡ್‌ಬಾಲ್ ಅಂಕಣಕ್ಕೆ ಇಳಿದರು.

ಈ ದಿನಾಂಕಗಳನ್ನು ಒಟ್ಟಿಗೆ ಇಟ್ಟು ನೋಡಿ. ಅರ್ಹತೆಯ ತೀರ್ಮಾನ ಮೊದಲು, ಅದರ ಮಾನದಂಡ ಹತ್ತು ತಿಂಗಳ ನಂತರ. ನನ್ನ ತಕರಾರು ಇರುವುದು ಇಲ್ಲಿಯೇ. ಆ ತೀರ್ಮಾನದ ತಿರುಳು ಸರಿಯೋ ತಪ್ಪೋ ಎಂದು ವಾದಿಸಬಹುದು, ಎರಡೂ ಕಡೆ ಗಟ್ಟಿಯಾದ ಮಾತುಗಳಿವೆ. ಆದರೆ ತಿಂಗಳುಗಟ್ಟಲೆ ಸಿದ್ಧತೆ ಮಾಡಿಕೊಂಡು ಕಾದಿದ್ದ ಕ್ರೀಡಾಪಟುವಿಗೆ, ಯಾವ ಅಳತೆಯಲ್ಲಿ ಸೋತೆ ಎಂದೂ ತಿಳಿಯದಂತೆ, ಹಿಂದಿನ ದಿನ ಇಲ್ಲ ಎನ್ನುವುದನ್ನು ಯಾವ ವಾದದಿಂದಲೂ ಸಮರ್ಥಿಸಲಾಗದು. ಎದುರು ಆಡಬೇಕಾಗಿದ್ದ ಮಹಿಳೆಯರಿಗೂ ಅದರಿಂದ ನ್ಯಾಯ ಸಿಗಲಿಲ್ಲ. ಅವರ ಆತಂಕಗಳನ್ನು ಕೇಳಿಸಿಕೊಂಡು ನಿಯಮ ರೂಪಿಸುವ ಸಮಯವನ್ನು ಲೀಗ್ ಅವರಿಂದಲೂ ಕಸಿದುಕೊಂಡಿತು.

2019ರಲ್ಲಿ ಹ್ಯಾಂಡ್‌ಬಾಲ್ ತಂಡದಿಂದ ಹೊರಗುಳಿದದ್ದು ಇದಕ್ಕಿಂತ ಮಸುಕಾದ ಸಂಗತಿ. ತಾವು ಬಟ್ಟೆ ಬದಲಿಸುವ ಕೋಣೆಯನ್ನೂ ಸ್ನಾನದ ಕೋಣೆಯನ್ನೂ ಹಂಚಿಕೊಳ್ಳುವುದಕ್ಕೆ ತಂಡದ ಕೆಲವರು ಆಕ್ಷೇಪಿಸಿದ್ದೇ ಕಾರಣ ಎಂದು ಮೌನ್ಸಿ ಸಾರ್ವಜನಿಕವಾಗಿ ಹೇಳಿದರು. ಅದು ಅವರ ಮಾತು. ಆಯ್ಕೆಯ ಒಳಗಿನ ವಿವರಗಳನ್ನು ನಾನು ತೀರ್ಮಾನಿಸಲಾರೆ. ಆದರೆ ಒಂದು ಅಂಶ ಗಮನಿಸಿ: ಅರ್ಹತೆಯ ನಿಯಮ ಅವರನ್ನು ಹೊರಗಿಟ್ಟಿರಲಿಲ್ಲ. ಆ ಹೊತ್ತಿಗೆ ಅವರು ಅದೇ ತಂಡದಲ್ಲಿ ಒಂದು ಟೂರ್ನಿ ಆಡಿ ಮುಗಿಸಿದ್ದರು. ಕೋಣೆ ಹಂಚಿಕೊಳ್ಳುವ ಬಗ್ಗೆ ಮುಜುಗರವಾಗುವ ಆಟಗಾರ್ತಿಯನ್ನು ನಾನು ಗದರಿಸಲಾರೆ, ಆ ಮುಜುಗರ ಸುಳ್ಳಲ್ಲ. ಅದಕ್ಕೆ ಪರಿಹಾರ ಪರದೆ, ಬೇರೆ ಸ್ನಾನದ ಕೋಣೆ, ಮುಂಚಿತವಾಗಿ ಗೊತ್ತುಮಾಡಿದ ಸಮಯ. ಆಟದ ಅರ್ಹತೆಯ ಪ್ರಶ್ನೆಗೂ ಕೋಣೆಯ ಪ್ರಶ್ನೆಗೂ ಗಂಟು ಹಾಕಿದರೆ ಎರಡೂ ಬಿಡಿಸಲಾಗದಂತೆ ಸಿಕ್ಕಾಗುತ್ತವೆ. ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗವು ಕ್ರೀಡಾ ಸಂಸ್ಥೆಗಳೊಂದಿಗೆ ಸೇರಿ ಅದೇ 2019ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ಟ್ರಾನ್ಸ್ ಕ್ರೀಡಾಪಟುಗಳನ್ನು ಒಳಗೊಳ್ಳುವುದು ಹೇಗೆಂದು ಕ್ಲಬ್ಬುಗಳಿಗೆ ತಿಳಿಸುವ ಆ ಮಾರ್ಗಸೂಚಿ ಬಂದು ಅರ್ಧ ವರ್ಷವೂ ಆಗಿರಲಿಲ್ಲ. ಅವರಿಲ್ಲದೆ ಹೋದ ತಂಡ 24 ತಂಡಗಳ ಆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 24ನೆಯ ಸ್ಥಾನದಲ್ಲಿ ಉಳಿಯಿತು.

ಈ ಫಲಿತಾಂಶವನ್ನು ಯಾರ ಪರವಾಗಿಯೂ ಸಾಕ್ಷಿಯಾಗಿ ಬಳಸಬೇಡಿ. ‘ಅವರಿದ್ದಾಗ ಐದನೆಯವರು, ಇಲ್ಲದಾಗ ಕೊನೆಯವರು, ನೋಡಿ ಎಷ್ಟು ಲಾಭ’ ಎನ್ನುವುದೂ ತಪ್ಪು. ಏಷ್ಯನ್ ಟೂರ್ನಿಯೂ ವಿಶ್ವ ಚಾಂಪಿಯನ್‌ಷಿಪ್ಪೂ ಒಂದೇ ಮಟ್ಟದವಲ್ಲ. ‘ಅವರಿದ್ದರೂ ಪ್ರಶಸ್ತಿ ಗೆದ್ದದ್ದು ದಕ್ಷಿಣ ಕೊರಿಯಾ, ಹಾಗಾದರೆ ಲಾಭವೇ ಇಲ್ಲ’ ಎನ್ನುವುದೂ ತಪ್ಪು. ಏಳು ಜನರ ಆಟದಲ್ಲಿ ಒಬ್ಬರಿಗೆ ಇರುವ ಅನುಕೂಲವನ್ನು ತಂಡದ ಸ್ಥಾನದಿಂದ ಅಳೆಯಲು ಬರುವುದಿಲ್ಲ.

ನಂತರದ ವರ್ಷಗಳಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ವಿಶ್ವ ರಗ್ಬಿ ಸಂಸ್ಥೆ 2020ರಲ್ಲಿ, ಸುರಕ್ಷತೆಯನ್ನು ಮುಖ್ಯ ಕಾರಣವಾಗಿ ಮುಂದಿಟ್ಟು, ಅಂತರರಾಷ್ಟ್ರೀಯ ಮಹಿಳಾ ರಗ್ಬಿಯಿಂದ ಟ್ರಾನ್ಸ್ ಮಹಿಳೆಯರನ್ನು ಹೊರಗಿಟ್ಟಿತು. ಈಜಿನ ವಿಶ್ವ ಸಂಸ್ಥೆ 2022ರಲ್ಲಿ, ಅಥ್ಲೆಟಿಕ್ಸ್ ಮತ್ತು ಸೈಕ್ಲಿಂಗ್ 2023ರಲ್ಲಿ, ಅದೇ ವರ್ಷದ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯೂ, ಪುರುಷ ಹರೆಯವನ್ನು ದಾಟಿದವರಿಗೆ ಮಹಿಳಾ ವಿಭಾಗದ ಬಾಗಿಲು ಮುಚ್ಚಿದವು. ಒಲಿಂಪಿಕ್ ಸಮಿತಿ 2021ರಲ್ಲಿ ಎಲ್ಲರಿಗೂ ಒಂದೇ ಹಾರ್ಮೋನು ಮಿತಿ ಎಂಬ ವಿಧಾನವನ್ನೇ ಬಿಟ್ಟು, ಪ್ರತಿಯೊಂದು ಆಟದ ಸಂಸ್ಥೆಯೂ ತನ್ನ ಆಟಕ್ಕೆ ತಕ್ಕ ನಿಯಮ ಮಾಡಿಕೊಳ್ಳಲಿ ಎಂದಿತ್ತು. ಹೀಗಾಗಿ 2018ರಲ್ಲಿ ಮೌನ್ಸಿ ಆಡಿದ ನಿಯಮವನ್ನು ಇಂದಿನ ನಿಯಮವೆಂದು ಭಾವಿಸಬೇಡಿ.

ನಿಮ್ಮ ಹುಡುಗಿಯರು ಈ ಚರ್ಚೆಯಲ್ಲಿ ಓಟಗಾರ್ತಿಯರಾದ ಭಾರತದ ದ್ಯುತಿ ಚಂದ್ ಮತ್ತು ದಕ್ಷಿಣ ಆಫ್ರಿಕಾದ ಕಾಸ್ಟರ್ ಸೆಮೆನ್ಯಾ ಅವರ ಹೆಸರನ್ನೂ ಎಳೆದು ತಂದಿರಬಹುದು. ಅದನ್ನು ಅಲ್ಲಿಯೇ ತಿದ್ದಿ. ಅವರಿಬ್ಬರೂ ಟ್ರಾನ್ಸ್ ಮಹಿಳೆಯರಲ್ಲ. ಹುಟ್ಟಿನಿಂದ ಹೆಣ್ಣಾಗಿ ಬೆಳೆದವರು. ಅವರ ದೇಹದಲ್ಲಿ ಸಹಜವಾಗಿಯೇ ಟೆಸ್ಟೋಸ್ಟಿರೋನ್ ಹೆಚ್ಚಿರುವುದರ ಬಗ್ಗೆ ವಿವಾದ ಎದ್ದಿತು. ವೈದ್ಯಕೀಯವಾಗಿಯೂ ನೈತಿಕವಾಗಿಯೂ ಅದು ಬೇರೆಯದೇ ಪ್ರಶ್ನೆ. ದ್ಯುತಿ ಅವರ ಮೇಲ್ಮನವಿಯಿಂದಾಗಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2015ರಲ್ಲಿ ಆಗಿನ ಹಾರ್ಮೋನು ನಿಯಮವನ್ನು ಅಮಾನತಿನಲ್ಲಿಟ್ಟಿತ್ತು.

ಈಗ ನನ್ನ ಅಭಿಪ್ರಾಯ ಕೇಳಿದ್ದೀರಿ ಎಂದುಕೊಂಡು ಹೇಳುತ್ತೇನೆ. ಹರೆಯ ಕಟ್ಟಿದ ದೇಹದ ಅನುಕೂಲ ಚಿಕಿತ್ಸೆಯಿಂದ ಪೂರ್ತಿ ಅಳಿಯುವುದಿಲ್ಲ ಎಂಬುದನ್ನು ನಾನು ಸದ್ಯದ ಪುರಾವೆಗಳಿಂದ ಒಪ್ಪಿಕೊಂಡಿದ್ದೇನೆ. ಮೈಗೆ ಮೈ ತಾಗುವ, ಎಸೆತದ ವೇಗ ನಿರ್ಣಾಯಕವಾದ ಆಟದ ಅತ್ಯುನ್ನತ ಮಟ್ಟದಲ್ಲಿ ಮಹಿಳಾ ವಿಭಾಗಕ್ಕೆ ಕಟ್ಟುನಿಟ್ಟಿನ ಅರ್ಹತೆ ಇರಬೇಕೆನ್ನುವವರನ್ನು ದ್ವೇಷಿಗಳೆಂದು ಕರೆಯುವುದು ಅನ್ಯಾಯ. ಮಹಿಳೆಯರ ವಿಭಾಗ ಹುಟ್ಟಿದ್ದೇ ಆ ಅನುಕೂಲವನ್ನು ಬದಿಗಿಡುವುದಕ್ಕಾಗಿ. ಉಳಿದ ಅನುಕೂಲ ಎಷ್ಟಾದರೆ ಸಹಿಸಬಹುದು ಎಂಬ ಪ್ರಶ್ನೆಗೆ ಮಾತ್ರ ಪ್ರಯೋಗಾಲಯದಲ್ಲಿ ಉತ್ತರವಿಲ್ಲ. ಆರಂಭದಲ್ಲಿ ಅರ್ಧ ದಾರಿ ಎಂದದ್ದು ಇದನ್ನೇ. ಅದನ್ನು ಆಡುವವರೆಲ್ಲರೂ, ಟ್ರಾನ್ಸ್ ಆಟಗಾರ್ತಿಯರೂ ಸೇರಿ, ಕುಳಿತು ನಿರ್ಧರಿಸಬೇಕು, ಬರೆದಿಡಬೇಕು, ಋತು ಆರಂಭವಾಗುವ ಮೊದಲು ಪ್ರಕಟಿಸಬೇಕು. ಸ್ಥಳೀಯ ಕ್ಲಬ್ಬಿನ, ಶಾಲೆಯ, ವಾರಾಂತ್ಯದ ಆಟಕ್ಕೆ ವಿಶ್ವ ಚಾಂಪಿಯನ್‌ಷಿಪ್‌ನ ನಿಯಮವನ್ನು ತಂದು ಹೇರುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಆಟದ ಉದ್ದೇಶವೇ ಬೇರೆ, ಮತ್ತು ಅಲ್ಲಿಂದ ಹೊರದಬ್ಬಿದ ಮಗುವಿಗೆ ಹೋಗಲು ಬೇರೆ ಅಂಕಣವಿರುವುದಿಲ್ಲ.

ತರಬೇತುದಾರರಾಗಿ ನೀವು ಮಾಡಬಹುದಾದದ್ದು ಸ್ವಲ್ಪವೇ, ಆದರೆ ಅದು ನಿಮ್ಮ ಕೈಯಲ್ಲೇ ಇದೆ. ನೀವು ಭಾಗವಹಿಸುವ ಟೂರ್ನಿಯ ಅರ್ಹತಾ ನಿಯಮವನ್ನು ಆಯೋಜಕರಿಂದ ಲಿಖಿತವಾಗಿ ಪಡೆದುಕೊಳ್ಳಿ. ನಿಯಮವಿಲ್ಲ ಎಂದರೆ, ಯಾರ ಹೆಸರನ್ನೂ ಎತ್ತದೆ, ಮಾಡಿಕೊಡಿ ಎಂದು ಈಗಲೇ ಕೇಳಿ. ಎತ್ತರವಾಗಿರುವ, ಕೂದಲು ಕತ್ತರಿಸಿಕೊಂಡ, ದನಿ ಗಡುಸಾದ ಹುಡುಗಿಯನ್ನು ಯಾರಾದರೂ ಬೊಟ್ಟು ಮಾಡಿ ‘ಇವಳು ಹುಡುಗಿಯೇ?’ ಎಂದು ಕೇಳಿದರೆ ಆಟ ನಿಲ್ಲಿಸಿ, ಆ ಮಾತನ್ನು ಅಲ್ಲಿಯೇ ತಡೆಯಿರಿ. ಇಂಥ ಅನುಮಾನಕ್ಕೆ ಗುರಿಯಾಗುವವರು ಟ್ರಾನ್ಸ್ ಹುಡುಗಿಯರಷ್ಟೇ ಅಲ್ಲ. ಯಾರ ದೇಹದ ಬಗ್ಗೆಯಾಗಲಿ, ಚಿಕಿತ್ಸೆಯ ಬಗ್ಗೆಯಾಗಲಿ ತಂಡದ ಮುಂದೆ ವಿಚಾರಿಸುವ ಅಧಿಕಾರ ತರಬೇತುದಾರರಿಗಿಲ್ಲ. ನಿಮ್ಮ ಬಳಿ ಯಾರಾದರೂ ಗುಟ್ಟಾಗಿ ಹೇಳಿಕೊಂಡರೆ, ಅವರ ಒಪ್ಪಿಗೆಯಿಲ್ಲದೆ ಅದನ್ನು ಪೋಷಕರಿಗೋ ಸಹ ಆಟಗಾರ್ತಿಯರಿಗೋ ದಾಟಿಸಬೇಡಿ. ಅರ್ಹತೆಯ ಬಗ್ಗೆ ಸಂಶಯವಿದ್ದರೆ ಅದಕ್ಕೆ ಉತ್ತರಿಸಬೇಕಾದವರು ಟೂರ್ನಿಯ ವೈದ್ಯಾಧಿಕಾರಿ, ಮುಚ್ಚಿದ ಬಾಗಿಲಿನ ಒಳಗೆ.